ಯಾವ ಬಾಗಿಲು ತಟ್ಟಬೇಕು?



ನಮ್ಮ ಖಾಸಗಿ ಮಾತು, ಚಿತ್ರಗಳೆಲ್ಲ ಪರದೇಶದ ಕಂಪೆನಿಗಳ ಕೈಯಲ್ಲಿವೆ. ಅವು ದುರ್ಬಳಕೆಯಾದರೆ ನಾವು ಯಾವ ನ್ಯಾಯಾಲಯದ ಬಾಗಿಲು ತಟ್ಟಬೇಕು?

ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ 2014ರಲ್ಲಿ ಫೇಸ್‌ಬುಕ್ ವಿರುದ್ಧ ವಿಯೆನ್ನಾದಲ್ಲಿ ದಾವೆ ಹೂಡಿದರು. ಸುಮಾರು 25,000 ಬಳಕೆದಾರರು ಅವರ ಬೆನ್ನಿಗೆ ನಿಂತಿದ್ದರು. ನಮ್ಮ ಯುರೋಪಿನ ಕಚೇರಿ ಇರುವುದು ಡಬ್ಲಿನ್‌ನಲ್ಲಿ, ವಿಯೆನ್ನಾಕ್ಕೆ ವಿಚಾರಣೆಯ ಅಧಿಕಾರವಿಲ್ಲ ಎಂದು ಕಂಪೆನಿ ವಾದಿಸಿತು. ಪುಸ್ತಕ ಬರೆದು, ಭಾಷಣ ಮಾಡುವ ವ್ಯಕ್ತಿ ಗ್ರಾಹಕನೇ ಅಲ್ಲವೆಂಬ ವಿಚಿತ್ರ ತಕರಾರು ಬೇರೆ! ಮೂಲ ದೂರಿನ ವಿಚಾರಣೆಗೆ ಮುನ್ನವೇ ವರ್ಷಗಳು ಉರುಳಿದವು. 2018ರ ಜನವರಿ 25ರಂದು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು, ಶ್ರೆಮ್ಸ್ ತಮ್ಮ ದಾವೆಯನ್ನು ತವರಿನಲ್ಲೇ ನಡೆಸಬಹುದು, ಆದರೆ ಇತರರು ವಹಿಸಿಕೊಟ್ಟ ಹಕ್ಕುಗಳನ್ನು ಅದರೊಂದಿಗೆ ಸೇರಿಸುವಂತಿಲ್ಲ ಎಂದು ತೀರ್ಪಿತ್ತಿತು. ಶ್ರೆಮ್ಸ್ ಕಾನೂನು ಓದಿದವರು. ಉಳಿದವರ ಗತಿಯೇನು?

ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ದತ್ತಾಂಶ ರಕ್ಷಣಾ ಕಾಯಿದೆಯು ಭಾರತೀಯರಿಗೆ ಸೇವೆ ನೀಡುವ ವಿದೇಶಿ ಕಂಪೆನಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಇದು ಸ್ವಾಗತಾರ್ಹ. ಆದರೆ 250 ಕೋಟಿ ರೂಪಾಯಿವರೆಗಿನ ದಂಡ ಸೇರುವುದು ಸರಕಾರದ ಬೊಕ್ಕಸಕ್ಕೆ. ನೊಂದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಐಟಿ ಕಾಯಿದೆಯ 43ಎ ಸೆಕ್ಷನ್ ಪರಿಹಾರ ಕೇಳುವ ಹಕ್ಕನ್ನಾದರೂ ಕೊಟ್ಟಿತ್ತು. ಅದನ್ನು ಕಿತ್ತುಹಾಕುವ ವಿಧಿಯನ್ನೂ ಇದೇ ಕಾಯಿದೆಯಲ್ಲಿ ಬರೆಯಲಾಗಿದೆ. ಮಂಡಳಿಯ ವ್ಯಾಪ್ತಿಗೆ ಬರುವ ವಿಷಯಗಳನ್ನು ಸಿವಿಲ್ ನ್ಯಾಯಾಲಯ ಮುಟ್ಟುವಂತೆಯೂ ಇಲ್ಲ. ವಿಯೆನ್ನಾದಲ್ಲಿ ಶ್ರೆಮ್ಸ್‌ಗೆ ತೆರೆದ ಆ ಒಂದು ಬಾಗಿಲನ್ನು ನಮ್ಮ ಸಂಸತ್ತು ನಮಗೆ ಮುಚ್ಚಿದ್ದೇಕೆ ಎಂದು ನಮ್ಮ ಸಂಸದರನ್ನು ನಾವು ಕೇಳಬೇಕಾಗಿದೆ.