ಶಾಂತಸಾಗರವೂ ಶಿವನಿಯ ಮಳೆಯೂ



ನಮ್ಮ ಶಿವನಿಯ ರೈತನು ಮಳೆಯನ್ನು ನಕ್ಷತ್ರಗಳ ಹೆಸರಿನಿಂದಲೇ ಗುರುತಿಸುತ್ತಾನೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಬೆರಳು ಮಡಿಸುತ್ತ ಅವನು ಬಾಬಾಬುಡನ್ ಗಿರಿಗಳತ್ತ ನೋಡುತ್ತಾನೆ. ಮುಂಗಾರು ಮೋಡಗಳು ಘಟ್ಟದಲ್ಲಿ ಸುರಿದು ಉಳಿಸಿ ತಂದ ನೀರೇ ಈ ಬಯಲಿನ ರಾಗಿಗೂ ಈರುಳ್ಳಿಗೂ ಆಧಾರ. ಆದರೆ ಆ ಮೋಡಗಳ ಭಾಗ್ಯವು ಎಷ್ಟೋ ಸಾವಿರ ಮೈಲಿ ದೂರದ ಶಾಂತಸಾಗರವನ್ನೂ ಅವಲಂಬಿಸಿದೆಯೆಂದರೆ ಅಚ್ಚರಿಯಾದೀತು.

ಶಾಂತಸಾಗರದ ನಡುಗೆರೆಯಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಅದು ಬೆಚ್ಚನೆಯ ನೀರನ್ನು ಇಂಡೊನೇಷ್ಯದ ಕಡೆಗೆ ನೂಕುತ್ತದೆ. ಅಲ್ಲಿ ಗಾಳಿ ಕಾದು ಮೇಲೇರಿ ಮಳೆಗರೆಯುತ್ತದೆ. ಪೆರು ದೇಶದ ಕಡೆ ಕೆಳಗಿಳಿಯುತ್ತದೆ. ಎರಡರಿಂದ ಏಳು ವರ್ಷಗಳಿಗೊಮ್ಮೆ ಈ ಗಾಳಿ ಸೊರಗುತ್ತದೆ. ಬಿಸಿನೀರು ಪೂರ್ವಕ್ಕೆ ಹರಡುತ್ತದೆ, ಅದರೊಡನೆ ಮಳೆಯೂ ಸರಿಯುತ್ತದೆ. ಆಗ ನಮ್ಮ ಕಡೆ ಗಾಳಿ ಕೆಳಗಿಳಿಯತೊಡಗಿ ಮುಂಗಾರು ಬಡವಾಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ತೋರುವ ಈ ಬಿಸಿನೀರಿಗೆ ಪೆರುವಿನ ಬೆಸ್ತರು ಬಾಲಯೇಸುವಿನ ನೆನಪಿನಲ್ಲಿ ‘ಎಲ್ ನಿನೋ’ ಎಂದು ಹೆಸರಿಟ್ಟರು. ಇದಕ್ಕೆ ವಿರುದ್ಧವಾದ, ಕಡಲು ತಣಿಯುವ ಸ್ಥಿತಿಯೇ ‘ಲಾ ನಿನಾ’.

1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ನಮ್ಮ ಮುಂಗಾರಿನ ಗುಟ್ಟನ್ನು ಅರಸುತ್ತ, ಶಾಂತಸಾಗರದ ಮತ್ತು ಹಿಂದೂ ಮಹಾಸಾಗರದ ವಾಯುಭಾರಗಳು ಉಯ್ಯಾಲೆಯಂತೆ ಏರಿಳಿಯುವುದನ್ನು ಕಂಡರು. ಆ ಉಯ್ಯಾಲೆಗೂ ಕಡಲಿನ ಬಿಸುಪಿಗೂ ಇರುವ ನಂಟನ್ನು 1969ರಲ್ಲಿ ಬಿಡಿಸಿ ತೋರಿದವರು ಜೇಕಬ್ ಬ್ಯರ್ಕ್ನೆಸ್.

ಎಲ್ ನಿನೋ ಬಂದ ವರ್ಷವೆಲ್ಲ ಬರಗಾಲವೇ ಎಂದಲ್ಲ. 2002 ಮತ್ತು 2009ರಲ್ಲಿ ದೇಶ ಬರ ಕಂಡಿತು. ಆದರೆ 1997ರಲ್ಲಿ ಅತಿ ಪ್ರಬಲವಾದ ಎಲ್ ನಿನೋ ಇದ್ದರೂ ಮಳೆ ಕೈಬಿಡಲಿಲ್ಲ. ಹಿಂದೂ ಮಹಾಸಾಗರವು ಆಫ್ರಿಕದ ಕಡೆ ಕಾದು ಸುಮಾತ್ರದ ಕಡೆ ತಣಿದು ನಮಗೆ ಒದಗಿತೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಕಡಲು ಹೇಳುವುದು ಸಂಭವವನ್ನು, ವಿಧಿಯನ್ನಲ್ಲ.

ನಾನು ಒತ್ತಿ ಹೇಳಬೇಕಾದ ಮಾತು ಇದು. ಧಾತು, ಈಶ್ವರ ಸಂವತ್ಸರಗಳ ಬರಗಾಲದ ಹಿಂದೆ, ಅಂದರೆ 1877ರಲ್ಲಿ, ಪ್ರಬಲವಾದ ಎಲ್ ನಿನೋ ಇತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅಂದು ನಮ್ಮ ಸೀಮೆಗೆ ರೈಲೇ ಇರಲಿಲ್ಲ. ಬೀರೂರು, ಶಿವನಿಗಳ ಮೇಲೆ ಹರಿಹರದ ಹಾದಿ ತೆರೆದದ್ದು 1889ರಲ್ಲಿ. 2023ರಲ್ಲಿಯೂ ಎಲ್ ನಿನೋ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಬೆಳೆ ಒಣಗಿತು, ಕೊಳವೆಬಾವಿ ಬತ್ತಿತು. ಆದರೆ ಅಂದಿನಂತೆ ಊರಿಗೆ ಊರೇ ಹಸಿವಿನಿಂದ ಬರಿದಾಗಲಿಲ್ಲ. ಮಳೆಯ ಕೊರತೆಯನ್ನು ತರುವುದು ಕಡಲು. ಅದನ್ನು ಸಾವಾಗಿಸುವುದೂ ತಡೆಯುವುದೂ ಮನುಷ್ಯರ ವ್ಯವಸ್ಥೆ.

ಕಡಲು ಕೊಡುವ ವರ್ಷಗಳೂ ಉಂಟು. 2020ರಿಂದ 2022ರವರೆಗೆ ಲಾ ನಿನಾ ನೆಲೆಸಿತ್ತು. 1933ರ ನಂತರ ಕೋಡಿ ಬೀಳದಿದ್ದ ವೇದಾವತಿಯ ವಾಣಿವಿಲಾಸ ಸಾಗರವು 2022ರಲ್ಲಿ ತುಂಬಿ ಹರಿಯಿತು. ಭದ್ರೆಯಿಂದ ತಂದ ನೀರೂ ಅದಕ್ಕೆ ನೆರವಾಗಿತ್ತು. ಅಂಥ ವರ್ಷದ ನೀರನ್ನು ಹಿಡಿದಿಡಲು ನಮ್ಮ ಹಿರಿಯರು ಕೆರೆ ಕಟ್ಟಿದರು. ಇಂದು ಹೂಳು ತುಂಬಿದ ಆ ಕೆರೆಗಳಲ್ಲಿ ನೀರಿಗೆ ಎಡೆಯಿಲ್ಲ. ಕಡಲನ್ನು ತಣಿಸುವುದು ನಮ್ಮ ಕೈಯಲ್ಲಿಲ್ಲ. ಊರ ಕೆರೆಯ ಹೂಳೆತ್ತುವುದು ಇದೆ.