ಹಾಜರಿ ಪುಸ್ತಕದ ಗೆಳೆಯರು



ಹಳೆಯ ಸಹಪಾಠಿಗಳ ಸಮ್ಮೇಳನ ಮಾಡಬೇಕೆಂದು ನೀವು ಹೊರಟಾಗ ಮೊದಲು ಸಿಗುವುದು ಮೊಬೈಲ್‌ನಲ್ಲಿರುವ ಹೆಸರುಗಳು. ಉಳಿದವರನ್ನು ಹುಡುಕಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಯ ದಾಖಲಾತಿ ಪುಸ್ತಕ ನೋಡಿರಿ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲಿನ ಪುಟಗಳಲ್ಲಿ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಎಲ್ಲವೂ ಧಾರವಾಡ ಜಿಲ್ಲೆಯವೇ. ಉರ್ದುವಿನಲ್ಲಿದ್ದ ಹೆಸರು ಕನ್ನಡಕ್ಕೆ ಬರುವಾಗ ಅಕ್ಷರ ಬದಲಾಗಿರುತ್ತದೆ. ಆದ್ದರಿಂದ ತಂದೆಯ ಹೆಸರು, ಜನ್ಮದಿನಾಂಕವನ್ನೂ ಹೋಲಿಸಿ ನೋಡಿ. ಸವಣೂರಿನಲ್ಲಿ ಓದಿದ ಹುಡುಗಿ ಇಂದು ಹಾನಗಲ್ಲಿನ ಸೊಸೆಯಾಗಿರಬಹುದು. ಅವಳ ತವರುಮನೆಯಲ್ಲಿ ವಿಚಾರಿಸಿ.

ನಾವು ಪಟ್ಟಿ ಮಾಡುವಾಗ, ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಗೆಳೆಯನೊಬ್ಬ ಹಿರೇಕೆರೂರಿನ ಸಂತೆಯಲ್ಲಿ ಸಿಕ್ಕ. “ನಾನು ಎಸ್ಸೆಸ್ಸೆಲ್ಸಿನೂ ಓದಿಲ್ಲ ಸರ್, ನಿಮ್ಮ ನಡುವೆ ನನಗೇನು ಕೆಲಸ?” ಎಂದ. ಒಂದೇ ಚಾಪೆಯ ಮೇಲೆ ಕುಳಿತು ಓದಿದವನು ನನ್ನನ್ನು ಸರ್ ಎಂದದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಅವನು ಸಮ್ಮೇಳನಕ್ಕೆ ಬರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ವಿನಂತಿ: ಪಟ್ಟಿಯನ್ನು ಶಾಲೆ ಬಿಟ್ಟವರ ಹೆಸರಿನಿಂದಲೇ ಪ್ರಾರಂಭಿಸಿ. ಅವರ ಮನೆಗೇ ಹೋಗಿ ಕರೆಯಿರಿ. ಅವರಿಂದ ಚಂದಾ ಕೇಳಬೇಡಿ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ಮಾತ್ರ ತಪ್ಪದೆ ಕೇಳಿ. ಹೋಗದಿದ್ದರೆ, ಮರುದಿನವೇ ಆ ಮಗುವಿನ ಕೈ ಹಿಡಿದು ಶಾಲೆಗೆ ಕರೆತನ್ನಿ.