ತೆಂಗಿನ ಮರದಿಂದ ಮಗುವಿನ ತುಟಿಯವರೆಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ಪ್ಲಾಸ್ಟಿಕ್ ಸರ್ಜನ್. ಸಿನಿಮಾದವರ ಮೂಗು ತಿದ್ದುವವನು ಎಂದು ನಮ್ಮೂರಲ್ಲಿ ಈಗಲೂ ಕೆಲವರು ನಂಬಿದ್ದಾರೆ. ನಾನು ಹೆಚ್ಚಾಗಿ ಮಾಡುವುದು ಸೀಳುತುಟಿಯ ಮಕ್ಕಳ ಆಪರೇಷನ್. ಅದರಲ್ಲಿ ಅರ್ಧ ಕೆಲಸ ಅಳತೆಯದು. ಅಳತೆ ಕಲಿತದ್ದು ಈ ಶಾಲೆಯ ಹಿಂದಿನ ತೆಂಗಿನ ಮರದ ಬುಡದಲ್ಲಿ.

ಹತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರು ಕೋನಮಾಪಕಕ್ಕೆ ದಾರ, ದಾರದ ತುದಿಗೆ ಕಲ್ಲು ಕಟ್ಟಿಕೊಟ್ಟು, ಮರ ಹತ್ತದೆ ಮರದ ಎತ್ತರ ಹೇಳಿ ಎಂದಿದ್ದರು. ನಾನು ಬುಡದಿಂದ ನಿಂತ ಜಾಗದವರೆಗಿನ ದೂರವನ್ನು ಟೇಪಿನಲ್ಲಿ ಅಳೆಯದೆ ಹೆಜ್ಜೆ ಹಾಕಿ ಲೆಕ್ಕ ಹಿಡಿದೆ. ಉತ್ತರ ಎಲ್ಲರಿಗಿಂತ ಎರಡು ಮೀಟರ್ ಹೆಚ್ಚು ಬಂತು. "ಪಾದ ತಪ್ಪಿದರೆ ಎತ್ತರವೂ ತಪ್ಪುತ್ತೆ ಕಣೋ" ಎಂದು ಬೆನ್ನ ಮೇಲೆ ಒಂದು ಕೊಟ್ಟರು. ತ್ರಿಕೋನದ ಪಾದವೋ ನನ್ನ ಪಾದವೋ, ಆಗ ತಿಳಿಯಲಿಲ್ಲ.

ತಾಯಿಯ ಹೊಟ್ಟೆಯಲ್ಲಿ ಎರಡು ತಿಂಗಳು ತುಂಬುವ ಮೊದಲೇ ಮಗುವಿನ ಮೇಲ್ದುಟಿಯ ಭಾಗಗಳು ಎರಡೂ ಕಡೆಯಿಂದ ಬಂದು ಕೂಡಿಕೊಳ್ಳಬೇಕು. ಕೂಡದಿದ್ದರೆ ಸೀಳು ಉಳಿಯುತ್ತದೆ. ಗರ್ಭಿಣಿ ಗ್ರಹಣ ನೋಡಿದ್ದರಿಂದ ಹೀಗಾಯಿತು ಎಂದು ಸೊಸೆಯನ್ನು ದೂರುವ ಅತ್ತೆಯರನ್ನು ನಾನು ಈಗಲೂ ಕಾಣುತ್ತೇನೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಸಭೆಯಿಂದ ಇದೊಂದು ಮಾತು ಮನೆಗೆ ಹೋದರೂ ಸಾಕು.

ಆಪರೇಷನ್ನಿಗೆ ಹಿಂದಿನವರು ಮಾಡಿಟ್ಟ ಒಂದು ಲೆಕ್ಕವಿದೆ: ಮಗುವಿಗೆ 10 ವಾರ, 10 ಪೌಂಡು ತೂಕ, 10 ಗ್ರಾಂ ಹಿಮೋಗ್ಲೋಬಿನ್. ಆ ವಯಸ್ಸಿನ ತುಟಿ ಎಷ್ಟು ಚಿಕ್ಕದು, ಯೋಚಿಸಿ. ಮೂಗಿನ ಬುಡದಿಂದ ತುಟಿಯ ಕೆಂಪು ಶುರುವಾಗುವ ಗೆರೆಯವರೆಗಿನ ಎತ್ತರ ಎರಡೂ ಕಡೆ ಸಮ ಬರಬೇಕು. ಆ ಗೆರೆ ಒಂದು ಮಿಲಿಮೀಟರ್ ಏರುಪೇರಾದರೂ ಎದುರು ಕೂತು ಮಾತಾಡುವವರ ಕಣ್ಣಿಗೆ ಬೀಳುತ್ತದೆ.

ಅಳೆಯುವುದಾದರೂ ಹೇಗೆ? ಎಚ್ಚರವಿರುವಾಗ ಕ್ಯಾಲಿಪರ್ ಹಿಡಿದರೆ ಮಗು ಕಿರುಚುತ್ತದೆ, ತುಟಿ ಎಳೆದುಕೊಳ್ಳುತ್ತದೆ. ಅರಿವಳಿಕೆ ಕೊಟ್ಟ ಮೇಲೆ ಬಾಯಲ್ಲಿ ಕೊಳವೆ ಇರುತ್ತದೆ, ಇಂಜೆಕ್ಷನ್ನಿನಿಂದ ತುಟಿ ಊದುತ್ತದೆ. ಮಾಮೂಲಿ ಫೋಟೋದಲ್ಲಿ ತಲೆ ಒಂದಿಷ್ಟು ವಾಲಿದರೂ ಅಳತೆ ಸುಳ್ಳಾಗುತ್ತದೆ.

ನನ್ನ ಮೊದಲ ವರ್ಷಗಳಲ್ಲಿ ಒಂದು ಗಂಡು ಮಗುವಿಗೆ ಹೀಗೇ ತಪ್ಪಿದೆ. ತುಟಿ ಊದಿದ ಮೇಲೆ ಗುರುತು ಹಾಕಿದ್ದೆ. ಹೊಲಿಗೆ ಚೆನ್ನಾಗಿ ಕೂಡಿತು, ಎಲ್ಲರೂ ಹೊಗಳಿದರು. ಆರು ತಿಂಗಳಾದ ಮೇಲೆ ಅವನ ತಾಯಿ ಬಂದು, "ಡಾಕ್ಟ್ರೇ, ಒಂದು ಕಡೆ ಮೇಲಕ್ಕೆ ನಿಂತಿದೆ" ಎಂದರು. ಬೆಳೆಯುತ್ತಾ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದೆ. ಹಾಗೆ ಹೇಳಲು ನನ್ನ ಹತ್ತಿರ ಯಾವ ಅಳತೆಯೂ ಇರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಮಕ್ಕಳೇ, ಈಗ ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಜಿಗಿಯುತ್ತದಲ್ಲ? ಬೆರಳು ಹತ್ತಿರ ಬಂದಷ್ಟೂ ಹೆಚ್ಚು ಜಿಗಿಯುತ್ತದೆ. ಎರಡು ಕಣ್ಣಿಗೆ ಕಾಣುವ ಈ ವ್ಯತ್ಯಾಸದಿಂದಲೇ ಆಳ ತಿಳಿಯುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿಕೊಟ್ಟರು. ಮೂರು ಆಯಾಮದ ಕ್ಯಾಮೆರಾ ಮಾಡುವುದೂ ಇದನ್ನೇ. ಅಕ್ಕಪಕ್ಕದ ಕ್ಯಾಮೆರಾಗಳು ಒಂದೇ ಕ್ಷಣಕ್ಕೆ ಕ್ಲಿಕ್ಕಿಸುತ್ತವೆ. ಚರ್ಮದ ಒಂದೊಂದು ಚುಕ್ಕೆಯೂ ಎರಡು ಚಿತ್ರಗಳಲ್ಲಿ ಎಲ್ಲೆಲ್ಲಿದೆ ಎಂದು ಕಂಪ್ಯೂಟರ್ ಹುಡುಕುತ್ತದೆ. ಕ್ಯಾಮೆರಾಗಳ ನಡುವಿನ ದೂರ ಗೊತ್ತು, ಕೋನ ಗೊತ್ತು. ಉಳಿದದ್ದು ಮೇಷ್ಟ್ರ ತ್ರಿಕೋನವೇ. ಕೆಲವೇ ಮಿಲಿಸೆಕೆಂಡಿನ ಕೆಲಸ, ಮಗು ಅಳಲು ಬಾಯಿ ತೆರೆಯುವುದರೊಳಗೆ ಮುಗಿಯುತ್ತದೆ. ಮುಟ್ಟುವುದಿಲ್ಲ, ಎಕ್ಸ್-ರೇ ಇಲ್ಲ. ಮೊದಲು ಚುಕ್ಕೆಗಳಿರುವ ಹಲಗೆಯೊಂದನ್ನು ಕ್ಯಾಮೆರಾಗಳಿಗೆ ತೋರಿಸಿ ಹೊಂದಿಸಿಕೊಳ್ಳಬೇಕು. ಆ ಹಲಗೆ ಹಿಡಿದಾಗೆಲ್ಲ ನನಗೆ ಬೆನ್ನ ಮೇಲಿನ ಆ ಏಟು ನೆನಪಾಗುತ್ತದೆ.

ಅಳತೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಒಳಗೇ ಸರಿ ಬರುತ್ತದೆ. ಕೂದಲು, ಮೂಗಿನ ಹೊಳ್ಳೆಯ ಒಳಗು, ಜೊಲ್ಲು ಸುರಿದು ಹೊಳೆಯುವ ತುಟಿ, ಇವು ಸರಿಯಾಗಿ ಸಿಗುವುದಿಲ್ಲ. ಕೂಸಿನ ಜೊಲ್ಲು ಒರೆಸಲು ಒಬ್ಬರು ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರಬೇಕು.

ತಲೆಬುರುಡೆಯ ಸಂದುಗಳು ಬೇಗನೆ ಬೆಸೆದು ತಲೆ ಓರೆಯಾಗುವ ಮಕ್ಕಳಿಗೂ ಇದು ವರದಾನ. ಮೂಳೆ ನೋಡಲು ಸಿಟಿ ಸ್ಕ್ಯಾನ್ ಬೇಕೇ ಬೇಕು. ಆದರೆ ಆಮೇಲೆ ತಲೆಯ ಆಕಾರ ಹೇಗೆ ಸುಧಾರಿಸಿದೆ ಎಂದು ನೋಡಲು ಪ್ರತಿ ಸಲವೂ ವಿಕಿರಣ ಯಾಕೆ? ಕೂದಲಿನ ಮೇಲೆ ಬಿಗಿಯಾದ ಟೋಪಿ ಹಾಕಿ ಫೋಟೋ ತೆಗೆದರೆ ಸಾಕು.

ಇನ್ನೊಂದು ಮಾತು. ಮುಖದ ಅಳತೆಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಟೊರಾಂಟೋದ ಲೆಸ್ಲಿ ಫರ್ಕಾಸ್ ಪ್ರಮುಖರು. ಅವರ ಪ್ರಸಿದ್ಧ ಕೋಷ್ಟಕಗಳು ಹೆಚ್ಚಾಗಿ ಉತ್ತರ ಅಮೆರಿಕದ ಬಿಳಿಯರ ಮುಖಗಳವು. ಆ ಮೂಗನ್ನು ಮಾದರಿ ಮಾಡಿಕೊಂಡು ನಮ್ಮ ಮಗುವಿನ ಮೂಗು ತಿದ್ದಬಾರದು. ಅದಕ್ಕೇ ನಾನು ಮಗುವಿನ ಮುಖವನ್ನು ಕನ್ನಡಿಯಂತೆ ತಿರುವಿ ಅದರ ಮೇಲೇ ಕೂರಿಸಿ, ಎರಡು ಬದಿ ಎಲ್ಲೆಲ್ಲಿ ಹೊಂದುವುದಿಲ್ಲ ಎಂದು ನೋಡುತ್ತೇನೆ. ಅವನಿಗೆ ಅವನದೇ ಮುಖ ಮಾದರಿ.

ಆ ಹುಡುಗ ಐದನೇ ವರ್ಷಕ್ಕೆ ಮತ್ತೆ ಬಂದ. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಿದ್ದರು. ಆ ವೇಳೆಗೆ ಕ್ಯಾಮೆರಾ ಬಂದಿತ್ತು. ಸುಮ್ಮನಿದ್ದಾಗ ಒಂದು, ನಗುವಾಗ ಒಂದು ಚಿತ್ರ ತೆಗೆದೆವು. ಒಂದು ಕಡೆ ಒಂದೂವರೆ ಮಿಲಿಮೀಟರ್ ಗಿಡ್ಡ. ತಪ್ಪು ನನ್ನದೇ ಎಂದು ತಾಯಿಗೆ ಹೇಳಿದೆ. "ಈ ಮಿಷಿನ್ನು ಆಗಲೇ ಇದ್ದಿದ್ದರೆ?" ಎಂದು ಕೇಳಿದರು. ಅಳತೆಯ ತಪ್ಪು ಆಗುತ್ತಿರಲಿಲ್ಲವೇನೋ. ಆದರೆ ಒಳಗಿನ ಸ್ನಾಯು ಹೇಗೆ ಕೂಡುತ್ತದೆ ಎಂಬುದು ಕ್ಯಾಮೆರಾಕ್ಕೂ ಕಾಣದು ಎಂದೆ. ಈ ಸಲ ಗುರುತುಗಳನ್ನೆಲ್ಲ ಪರದೆಯ ಮೇಲೆ ಮೊದಲೇ ಲೆಕ್ಕ ಹಾಕಿಕೊಂಡು ಒಳಗೆ ಹೋದೆ.

ಮೂರು ತಿಂಗಳ ಮೇಲೆ ತಾಯಿ ಮಗ ಬಂದರು. ನಾನು ಹೊಸ ಚಿತ್ರ ತೆರೆದು ಹೆಮ್ಮೆಯಿಂದ ತೋರಿಸಹೋದೆ. ಆಕೆ ಪರದೆ ನೋಡಲೇ ಇಲ್ಲ. ಮಗನ ಗದ್ದ ಹಿಡಿದು, "ಎಲ್ಲಿ, ನಗು" ಎಂದರು. ಅವನು ನಕ್ಕ. ಸ್ವಲ್ಪ ಹೊತ್ತು ದಿಟ್ಟಿಸಿ, "ಇನ್ನೂ ಒಂದು ಚೂರು ಇದೆ. ಪರವಾಗಿಲ್ಲ ಬಿಡಿ ಡಾಕ್ಟ್ರೇ" ಎಂದರು. ನಾನು ಪರದೆ ನೋಡಿದೆ. 0.4 ಮಿಲಿಮೀಟರ್ ಉಳಿದಿತ್ತು.